ಎತ್ತುವುದು ಬೇರೆ, ಹೊತ್ತು ನಿಲ್ಲುವುದು ಬೇರೆ

ಮನೆಯ ಕಾರಿನ ಕೆಲಸವನ್ನು ತಾನೇ ಮಾಡಿಕೊಳ್ಳಬೇಕು ಎಂಬ ಹುಕಿ ಹತ್ತಿದವರು ಸಾಮಾನ್ಯವಾಗಿ ಮೊದಲು ಕೊಳ್ಳುವುದು ಏರ್ ಕಂಪ್ರೆಸರ್. ಆಮೇಲೆ ಒಂದು ಟ್ರಾಲಿ ಜಾಕ್. ಕಟ್ಟಕಡೆಗೆ ಕೊಳ್ಳುವುದು, ಬಹಳ ಸಲ ಕೊಳ್ಳದೆಯೇ ಬಿಡುವುದು, ಜಾಕ್ ಸ್ಟ್ಯಾಂಡ್. ಈ ಕ್ರಮ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಕಾರನ್ನು ಎತ್ತಿ ನಿಲ್ಲಿಸುವ ಸಾಮಾನಿಗೆ ಮೊದಲ ದುಡ್ಡು ಹೋಗಬೇಕು, ಗಾಳಿಯ ಯಂತ್ರಕ್ಕೆ ಉಳಿದ ದುಡ್ಡು. ಉಳಿಯದಿದ್ದರೆ ಕಂಪ್ರೆಸರ್ ಇಲ್ಲದೆಯೂ ಮನೆಯ ಕೆಲಸ ನಡೆಯುತ್ತದೆ. ಸ್ಟ್ಯಾಂಡ್ ಇಲ್ಲದೆ ಕಾರಿನ ಕೆಳಗೆ ಹೋದರೆ ಮಾತ್ರ ಹೋದವನು ಎದ್ದು ಬರುತ್ತಾನೆ ಎಂಬ ಖಾತರಿ ಇಲ್ಲ.

ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದಿ ಮುಂಬೈಗೆ ಬಂದ ನನಗೆ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕಾರ್ಖಾನೆಗಳ ಮೆಂಟೆನೆನ್ಸ್ ವಿಭಾಗವೇ ಅನ್ನ ಹಾಕಿದೆ. ಕಂಪ್ರೆಸರ್, ಹಾಯಿಸ್ಟ್, ಚೈನ್ ಪುಲ್ಲಿ ನನಗೆ ದಿನನಿತ್ಯದ ಸಂಗಾತಿಗಳು. ನಾನಿರುವುದು ವಿಲೆ ಪಾರ್ಲೆ ಪೂರ್ವದಲ್ಲಿ. ಇಲ್ಲಿನ ಹಳೆಯ ಬಂಗಲೆಗಳೂ ಮೂರು ಮಹಡಿಯ ಕಟ್ಟಡಗಳೂ ಒಂದೊಂದಾಗಿ ಉರುಳಿ ಹೊಸವು ಏಳುತ್ತಿವೆ. ಹಳೆಯ ಬಂಗಲೆಯ ಹಿತ್ತಲಲ್ಲಿ ಕಾರಿಗೆಂದೇ ಕಟ್ಟಿದ, ಮೂರು ಗೋಡೆ ಇದ್ದ ನಿಜವಾದ ಗ್ಯಾರೇಜು ಇರುತ್ತಿತ್ತು. ಈಗ ಕಂಬಗಳ ನಡುವೆ ಬಿಳಿ ಗೆರೆ ಎಳೆದ ಜಾಗವನ್ನೇ ನಾವು ‘ನಮ್ಮ ಗ್ಯಾರೇಜು’ ಎನ್ನುತ್ತೇವೆ.

ನನ್ನ ಕೆಲಸ ಗೊತ್ತಿರುವ ನೆರೆಯ ಹುಡುಗರು ಆಗಾಗ ಸಲಹೆ ಕೇಳುತ್ತಾರೆ. ಕುಂದಾಪುರ ಮೂಲದ ಹುಡುಗನೊಬ್ಬ ಈಚೆಗೆ ಫೋನು ಮಾಡಿದ್ದ. “ಅಣ್ಣಾ, ಮೂರು ಎಚ್‌ಪಿ ಕಂಪ್ರೆಸರ್ ತಗೊಳ್ಳಲಾ, ಎರಡು ಸಾಕಾ?” ಎಂದ. “ಸ್ಟ್ಯಾಂಡ್ ತಗೊಂಡ್ಯಾ?” ಎಂದು ಕೇಳಿದೆ. “ಜಾಕ್ ಉಂಟಲ್ಲ ಅಣ್ಣಾ” ಎಂದ. ನಾನು ಈ ಲೇಖನ ಬರೆಯಲು ಕಾರಣ ಆ ಉತ್ತರವೇ. ಅವನೊಬ್ಬನದಲ್ಲ, ಹತ್ತರಲ್ಲಿ ಎಂಟು ಜನರ ಉತ್ತರ ಅದು.

ಜಾಕ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಹೈಡ್ರಾಲಿಕ್ ಜಾಕ್ ಕಾರನ್ನು ಎತ್ತುವುದು ಒಳಗಿನ ಎಣ್ಣೆಯ ಒತ್ತಡದಿಂದ. ಆ ಎಣ್ಣೆಯನ್ನು ತಡೆದು ಹಿಡಿದಿರುವುದು ಕೆಲವು ರಬ್ಬರ್ ಸೀಲ್‌ಗಳು, ಒಂದು ಪುಟ್ಟ ವಾಲ್ವ್. ಸೀಲ್ ಹಳತಾದರೆ, ವಾಲ್ವಿನಡಿ ಒಂದು ಕಸದ ಕಣ ಸಿಕ್ಕಿಕೊಂಡರೆ, ಎತ್ತಿದ ಕಾರು ಮೆಲ್ಲಗೆ ಇಳಿಯುತ್ತದೆ. ಕೆಲವೊಮ್ಮೆ ಮೆಲ್ಲಗೂ ಅಲ್ಲ. ಕಾರಿನ ಜತೆ ಬರುವ ಸ್ಕ್ರೂ ಜಾಕಿಗೆ ಎಣ್ಣೆಯ ತಾಪತ್ರಯ ಇಲ್ಲ, ಆದರೆ ಅದರ ಪಾದ ಅಂಗೈಯಷ್ಟು. ಕಾರು ಸ್ವಲ್ಪ ಹಿಂದೆಮುಂದೆ ಸರಿದರೆ ಸಾಕು, ವಾಲಿಬಿಡುತ್ತದೆ. ಅದನ್ನು ಮಾಡಿರುವುದು ರಸ್ತೆ ಬದಿ ಸ್ಟೆಪ್ನಿ ಬದಲಿಸುವುದಕ್ಕೆ, ಕೆಳಗೆ ತೂರುವುದಕ್ಕಲ್ಲ. ಸಣ್ಣ ಹ್ಯಾಚ್‌ಬ್ಯಾಕ್ ಕೂಡ ಎಂಟೊಂಬತ್ತು ಕ್ವಿಂಟಲ್ ತೂಗುತ್ತದೆ, ಇನೋವಾದಂಥದ್ದು ಅದರ ಸರಿಸುಮಾರು ಎರಡರಷ್ಟು. ಅದರ ಕಾಲುಭಾಗ ಎದೆಯ ಮೇಲೆ ಬಂದರೂ ಉಸಿರು ನಿಲ್ಲುತ್ತದೆ.

ಜಾಕ್ ಸ್ಟ್ಯಾಂಡಿನಲ್ಲಿ ಎಣ್ಣೆ ಇಲ್ಲ, ಸೀಲ್ ಇಲ್ಲ, ಚಲಿಸುವ ಭಾಗವೂ ಇಲ್ಲದಂತೆಯೇ. ನಾಲ್ಕು ಕಾಲು, ಒಂದು ಕಂಬ, ಒಂದು ಪಿನ್ ಅಥವಾ ಹಲ್ಲು. ಹೊತ್ತು ನಿಲ್ಲುವುದೊಂದೇ ಅದರ ಕೆಲಸ. ಜಾಕಿನಿಂದ ಎತ್ತಿ, ಸ್ಟ್ಯಾಂಡ್ ಇಟ್ಟು, ಜಾಕ್ ಇಳಿಸಿ ಭಾರವನ್ನು ಅದರ ಮೇಲೆ ಕೂರಿಸಿ, ಕಾರನ್ನು ಕೈಯಿಂದ ಒಮ್ಮೆ ಗಟ್ಟಿಯಾಗಿ ಅಲುಗಾಡಿಸಿ ನೋಡಿದ ಮೇಲೆಯೇ ಕೆಳಗೆ ಹೋಗಬೇಕು. ಬಿಚ್ಚಿದ ಚಕ್ರವನ್ನು ಬಾಗಿಲ ಕೆಳಗಿನ ಸಿಲ್‌ನ ಅಡಿ ತಳ್ಳಿಡುವ ಹಳೆಯ ಮೆಕ್ಯಾನಿಕ್‌ಗಳ ರೂಢಿ ಒಳ್ಳೆಯದು. ಎಲ್ಲವೂ ಕೈಕೊಟ್ಟರೂ ಅದೊಂದು ಗೇಣು ಜಾಗ ಉಳಿಸುತ್ತದೆ.

ಕೊಳ್ಳುವಾಗ ನೋಡಬೇಕಾದದ್ದು ಹೆಚ್ಚಿಲ್ಲ. ಪೆಟ್ಟಿಗೆಯ ಮೇಲಿನ ‘3 ಟನ್’ ಎಂಬುದು ಒಂದು ಸ್ಟ್ಯಾಂಡಿಗೋ ಜೋಡಿಗೋ ಎಂದು ಓದಿ, ಬಹಳ ಕಡೆ ಅದು ಜೋಡಿಗೆ. ಪಾದ ಅಗಲ ಇರಲಿ. ಬೆಸುಗೆ ಒಂದೇ ಸಮ ಇದೆಯೇ ಎಂದು ಬೆರಳಾಡಿಸಿ ನೋಡಿ. ಹಲ್ಲಿನ ಮೇಲೆ ಕೂರುವ ರ‍್ಯಾಚೆಟ್ ಮಾದರಿಗಿಂತ, ತೂತಿನಲ್ಲಿ ದಪ್ಪ ಪಿನ್ ತೂರಿಸುವ ಮಾದರಿಯೇ ಮನೆಗೆ ನನ್ನ ಆಯ್ಕೆ. ಇಲ್ಲವೇ ರ‍್ಯಾಚೆಟ್ ಜತೆ ಹೆಚ್ಚುವರಿ ಲಾಕ್ ಪಿನ್ ಇರುವುದನ್ನು ಕೊಳ್ಳಿ. ಇದು ಬರೀ ಶಂಕೆಯಲ್ಲ. 2020ರಲ್ಲಿ ಅಮೆರಿಕದ ಹಾರ್ಬರ್ ಫ್ರೈಟ್ ಎಂಬ ಸಲಕರಣೆ ಅಂಗಡಿಗಳ ಸರಣಿ ಹತ್ತು ಲಕ್ಷಕ್ಕೂ ಹೆಚ್ಚು ಜಾಕ್ ಸ್ಟ್ಯಾಂಡ್‌ಗಳನ್ನು ವಾಪಸ್ ಕರೆಸಿತು. ಭಾರ ಇದ್ದಾಗ ಹಲ್ಲು ಜಾರುವ ಸಾಧ್ಯತೆ ಇತ್ತು. ಅದಕ್ಕೆ ಬದಲಾಗಿ ಕೊಟ್ಟ ಸ್ಟ್ಯಾಂಡುಗಳ ಒಂದು ಮಾದರಿಯನ್ನೂ ಬೆಸುಗೆಯ ದೋಷಕ್ಕಾಗಿ ಮತ್ತೆ ಹಿಂಪಡೆಯಬೇಕಾಯಿತು. ಅಷ್ಟು ಬಿಗಿ ನಿಯಮದ ದೇಶದಲ್ಲೇ ಹೀಗಾದರೆ, ಬ್ರ್ಯಾಂಡಿಲ್ಲದ ಅಗ್ಗದ ಸ್ಟ್ಯಾಂಡನ್ನು ಕಣ್ಣುಮುಚ್ಚಿ ನಂಬುವುದು ಹೇಗೆ?

ಜಾಕಿನ ಬಗ್ಗೆ ಒಂದು ಮಾತು. ಟ್ರಾಲಿ ಜಾಕಿಗೆ ಗಾಲಿ ಇರುವುದು ಎಳೆದಾಡಲು ಮಾತ್ರ ಅಲ್ಲ. ಕಾರು ಮೇಲೇಳುವಾಗ ಜಾಕಿನ ತೋಳು ವೃತ್ತಾಕಾರದಲ್ಲಿ ಚಲಿಸುತ್ತದೆ, ಆದ್ದರಿಂದ ಜಾಕ್ ತಾನೇ ಸ್ವಲ್ಪ ಮುಂದಕ್ಕೆ ಉರುಳಬೇಕು. ಮುಂಬೈ ಸೊಸೈಟಿಗಳ ಅಂಗಳದಲ್ಲಿ ಹಾಸಿರುವ ಪೇವರ್ ಬ್ಲಾಕ್‌ಗಳ ಸಂದಿಯಲ್ಲಿ ಗಾಲಿ ಸಿಕ್ಕಿಬಿದ್ದರೆ ಜಾಕ್ ಉರುಳುವುದಿಲ್ಲ, ಅದರ ತಲೆಯ ಮೇಲೆ ಕಾರೇ ಜಾರುತ್ತದೆ. ಟಾರಿನ ಮೇಲೆ ಬೇಸಿಗೆಯಲ್ಲಿ ಸ್ಟ್ಯಾಂಡಿನ ಕಾಲು ಇಳಿಯುತ್ತದೆ. ಗಟ್ಟಿ ಸಿಮೆಂಟ್ ನೆಲ ಬೇಕು. ಇಲ್ಲದಿದ್ದರೆ ಕಾರನ್ನು ಎತ್ತುವ ಕೆಲಸವನ್ನೇ ಅಲ್ಲಿ ಇಟ್ಟುಕೊಳ್ಳಬಾರದು.

ತೇರಿನ ಗಾಲಿ ನೋಡಿದವರಿಗೆ ಹೊಸದಲ್ಲ

ನಮ್ಮೂರಿನ ರಥೋತ್ಸವ ನೋಡಿದವರಿಗೆ ಗೊತ್ತಿದೆ. ಹಗ್ಗ ಹಿಡಿದು ತೇರು ಎಳೆಯುವವರು ನೂರಾರು ಜನ, ಜೈಕಾರವೂ ಅವರದೇ. ಗಾಲಿಯ ಪಕ್ಕದಲ್ಲಿ ಬಗ್ಗಿ, ಮರದ ತುಂಡು ಕೊಟ್ಟು ತೇರಿನ ದಿಕ್ಕು ತಿದ್ದುವವರು, ನಿಲ್ಲಿಸುವವರು ಬೆರಳೆಣಿಕೆಯಷ್ಟು. ಅವರ ಕೈ ತಪ್ಪಿದ ದಿನ ಜಾತ್ರೆ ಸೂತಕವಾಗುತ್ತದೆ. ಮನೆಯ ಗ್ಯಾರೇಜಿನಲ್ಲಿ ಆ ಮರದ ತುಂಡಿನ ಕೆಲಸ ಮಾಡುವುದು ಗಾಲಿಗೆ ಕೊಡುವ ತಡೆ. ನೂರಿನ್ನೂರು ರೂಪಾಯಿಯ ಸಾಮಾನು. ಗಟ್ಟಿ ಮರವನ್ನು ಬಡಗಿಯಿಂದ ಓರೆಯಾಗಿ ಕೊಯ್ಯಿಸಿಕೊಂಡರೂ ಆಯಿತು.

ಹ್ಯಾಂಡ್‌ಬ್ರೇಕ್ ಹಾಕಿದೆ, ಗೇರಿನಲ್ಲಿ ಇಟ್ಟಿದ್ದೇನೆ, ಇನ್ನೇನು ಬೇಕು ಎನ್ನುತ್ತಾರೆ. ನಮ್ಮ ಬಹುಪಾಲು ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು, ಗೇರು ಹಿಡಿಯುವುದು ಮುಂದಿನ ಚಕ್ರಗಳನ್ನು. ಹಿಂಭಾಗ ಎತ್ತಿದ ಕ್ಷಣಕ್ಕೆ ಹ್ಯಾಂಡ್‌ಬ್ರೇಕ್ ಹಿಡಿದ ಚಕ್ರಗಳು ಗಾಳಿಯಲ್ಲಿ, ಮುಂಭಾಗ ಎತ್ತಿದರೆ ಗೇರು ಹಿಡಿದವು ಗಾಳಿಯಲ್ಲಿ. ಎರಡು ರಕ್ಷಣೆಗಳಲ್ಲಿ ಒಂದು ಪ್ರತಿ ಸಲವೂ ಇಲ್ಲದಂತಾಗುತ್ತದೆ. ಅದಕ್ಕೇ ನೆಲದ ಮೇಲೆ ಉಳಿದ ಚಕ್ರಗಳಿಗೆ ಎರಡೂ ಕಡೆಯಿಂದ ತಡೆ ಕೊಡಬೇಕು. ನೀರು ಹರಿದುಹೋಗಲೆಂದು ಕಂಬದಡಿಯ ನೆಲಕ್ಕೆ ಇಳಿಜಾರು ಕೊಟ್ಟೇ ಇರುತ್ತಾರೆ, ಕಣ್ಣಿಗೆ ಕಾಣದಿದ್ದರೂ ಕಾರಿಗೆ ತಿಳಿಯುತ್ತದೆ.

ಇನ್ನು ಮೆಕ್ಯಾನಿಕ್‌ಗಳ ಗ್ಯಾರೇಜಿನಲ್ಲಿರುವಂಥ ಎರಡು ಕಂಬದ ಲಿಫ್ಟ್ ಹಾಕಿಸುವ ಆಸೆ. ಆನ್‌ಲೈನಿನಲ್ಲಿ ಅದೂ ಸಿಗುತ್ತದೆ, ಕಂತಿನಲ್ಲೂ ಸಿಗುತ್ತದೆ. ಲೆಕ್ಕ ಹಾಕಿ. ಒಂದೂವರೆ ಮೀಟರ್ ಎತ್ತರದ ಕಾರನ್ನು, ಕೆಳಗೆ ಮನುಷ್ಯ ನಿಂತು ಕೆಲಸ ಮಾಡುವಂತೆ 1.8 ಮೀಟರ್ ಎತ್ತಿದರೆ ಬೇಕಾದ ಎತ್ತರ 3.3 ಮೀಟರ್. ಎಷ್ಟು ಕಟ್ಟಡಗಳ ಕಂಬದಡಿಯಲ್ಲಿ ತೊಲೆಯ ಕೆಳಗೆ ಅಷ್ಟು ಎತ್ತರ ಇದೆ? ಅದಕ್ಕಿಂತ ದೊಡ್ಡ ಪ್ರಶ್ನೆ ನೆಲದ್ದು. ಆ ಲಿಫ್ಟಿನ ಇಡೀ ಭಾರ ಎರಡು ಪಾದಗಳ ಮೇಲೆ, ನೆಲದೊಳಗೆ ಹೊಡೆದ ಆಂಕರ್ ಬೋಲ್ಟುಗಳ ಮೇಲೆ ನಿಲ್ಲುತ್ತದೆ. ಮುಂಬೈನ ಎಷ್ಟೋ ಕಟ್ಟಡಗಳಲ್ಲಿ ಕಂಬದಡಿ ಅಥವಾ ಅಂಗಳದಡಿಯೇ ನೀರಿನ ಟ್ಯಾಂಕ್ ಇರುತ್ತದೆ. ನೀವು ಕೊರೆಯುತ್ತಿರುವುದು ನೆಲವನ್ನೋ, ಇಡೀ ಕಟ್ಟಡ ಕುಡಿಯುವ ನೀರಿನ ಟ್ಯಾಂಕಿನ ಮುಚ್ಚಳವನ್ನೋ? ನಕ್ಷೆ ನೋಡದೆ ಹೇಳಲಾಗದು.

ಎಂಜಿನ್ ಇಳಿಸಲೆಂದು ಚೈನ್ ಪುಲ್ಲಿಯನ್ನು ತೊಲೆಗೆ ನೇತುಹಾಕುವವರೂ ಇದ್ದಾರೆ. ಆ ತೊಲೆ ಮೇಲಿನ ಮಹಡಿಗಳ ಭಾರ ಹೊರಲು ಹಾಕಿದ್ದು. ಅದರಲ್ಲಿ ತೂತು ಕೊರೆದು ಕೊಕ್ಕೆ ಹಾಕುವ ಅಧಿಕಾರ ಕೆಳಗೆ ಕಾರು ನಿಲ್ಲಿಸುವವನಿಗಿಲ್ಲ. ಎಂಜಿನ್ ಇಳಿಸುವುದೇ ಆದರೆ ನೆಲದ ಮೇಲೆ ಉರುಳುವ ಎಂಜಿನ್ ಕ್ರೇನನ್ನು ಒಂದೆರಡು ದಿನಕ್ಕೆ ಬಾಡಿಗೆಗೆ ತನ್ನಿ. ಹೊಸ ಕಟ್ಟಡಗಳಲ್ಲಿ ಒಂದರ ಮೇಲೊಂದು ಕಾರು ನಿಲ್ಲಿಸುವ ಯಂತ್ರಗಳು ಬಂದಿವೆ. ಮೇಲೆತ್ತಿದ ಕಾರಿನಡಿ ನಿಂತು ಎಣ್ಣೆ ಬದಲಿಸಬಹುದಲ್ಲ ಎಂದು ಲೆಕ್ಕ ಹಾಕುವವರನ್ನೂ ಕಂಡಿದ್ದೇನೆ. ಬೇಡ. ಅದು ಕಾರು ಇಡುವ ಕಪಾಟು, ದುರಸ್ತಿಯ ಲಿಫ್ಟ್ ಅಲ್ಲ.

ಹಾಗಾದರೆ ಉಳಿದದ್ದೇನು? ಎರಡು ಅಥವಾ ಮೂರು ಟನ್ನಿನ ಒಳ್ಳೆಯ ಟ್ರಾಲಿ ಜಾಕ್, ಎರಡು ಜೋಡಿ ಸ್ಟ್ಯಾಂಡ್, ನಾಲ್ಕು ತಡೆ. ಎಣ್ಣೆ ಬದಲಿಸಲು, ಬ್ರೇಕ್ ಪ್ಯಾಡ್ ಹಾಕಲು, ಸಸ್ಪೆನ್ಷನ್ ಬುಷ್ ನೋಡಲು ಇಷ್ಟು ಸಾಕು. ಇವೆಲ್ಲ ಕೆಲಸ ಮುಗಿದ ಮೇಲೆ ಗೋಡೆಗೆ ಒರಗಿ ನಿಲ್ಲುತ್ತವೆ. ಯಾರ ನೆಲವನ್ನೂ ಕೊರೆಯಬೇಕಿಲ್ಲ.

ಗಾಳಿಯ ಲೆಕ್ಕ

ಇನ್ನು ಕಂಪ್ರೆಸರ್. ಅಂಗಡಿಯವನು ಎಚ್‌ಪಿ ಹೇಳುತ್ತಾನೆ, ಟ್ಯಾಂಕಿನ ಲೀಟರ್ ಹೇಳುತ್ತಾನೆ. ಕೇಳಬೇಕಾದದ್ದು ಮೂರನೆಯದನ್ನು. ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ನಿಜವಾಗಿ ಹೊರಬರುತ್ತದೆ, ಅದೂ ಎಷ್ಟು ಒತ್ತಡದಲ್ಲಿ ಎಂಬುದನ್ನು. ಇದಕ್ಕೆ ಸಿಎಫ್‌ಎಂ ಎನ್ನುತ್ತಾರೆ. ಅದರಲ್ಲೂ ಎರಡು ಬಗೆ ಇದೆ. ಪಿಸ್ಟನ್ನಿನ ಅಳತೆಯಿಂದ ಗುಣಿಸಿ ಬರೆದದ್ದು ಕಾಗದದ ಅಂಕಿ. ಹೊರಬರುವ ಗಾಳಿಯನ್ನು ಅಳೆದು ಬರೆದದ್ದು ಎಫ್‌ಎಡಿ, ಅದು ನಿಜವಾದ ಅಂಕಿ. ಎರಡನೆಯದು ಮೊದಲನೆಯದಕ್ಕಿಂತ ಯಾವಾಗಲೂ ಕಡಿಮೆ. ಆರೇಳು ಬಾರ್ ಒತ್ತಡದಲ್ಲಿ ಒಂದು ಎಚ್‌ಪಿಗೆ ಮೂರರಿಂದ ನಾಲ್ಕು ಸಿಎಫ್‌ಎಂ ಎಂಬುದು ನಾವು ಮೆಂಟೆನೆನ್ಸಿನವರು ಇಟ್ಟುಕೊಳ್ಳುವ ಅಂದಾಜು. ಒಂದು ಎಚ್‌ಪಿಗೆ ಏಳೆಂಟು ಎಂದು ಯಾರಾದರೂ ಹೇಳಿದರೆ ನಕ್ಕು ಮುಂದಿನ ಅಂಗಡಿಗೆ ಹೋಗಿ.

ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು, ಮೊಬೈಲಿನ ಸ್ಟಾಪ್‌ವಾಚ್ ಸಾಕು. 50 ಲೀಟರ್ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿಸಿ, ಸ್ವಿಚ್ ಹಾಕಿಸಿ, ಮುಳ್ಳು 8 ಬಾರ್‌ಗೆ ಬರುವವರೆಗೆ ಸಮಯ ನೋಡಿ. 50ನ್ನು 8ರಿಂದ ಗುಣಿಸಿದರೆ 400 ಲೀಟರ್ ಗಾಳಿ ಒಳಗೆ ಹೋಗಿದೆ. ನಾಲ್ಕು ನಿಮಿಷ ಹಿಡಿದಿದ್ದರೆ ನಿಮಿಷಕ್ಕೆ 100 ಲೀಟರ್. ಒಂದು ಘನ ಅಡಿ ಎಂದರೆ 28.3 ಲೀಟರ್. ಅಲ್ಲಿಗೆ ಯಂತ್ರ ಕೊಡುತ್ತಿರುವುದು ಸುಮಾರು ಮೂರೂವರೆ ಸಿಎಫ್‌ಎಂ. ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ, ಗಡಿಯಾರ ಸುಳ್ಳು ಹೇಳುವುದಿಲ್ಲ. ಮುಂಬೈನ ನಾಗದೇವಿ ಸ್ಟ್ರೀಟ್ ಆಗಲಿ, ಬೆಂಗಳೂರಿನ ಎಸ್‌ಜೆಪಿ ರಸ್ತೆ ಆಗಲಿ, ಒಳ್ಳೆಯ ವ್ಯಾಪಾರಿ ಈ ಪರೀಕ್ಷೆಗೆ ಬೇಡ ಎನ್ನುವುದಿಲ್ಲ. ಬೇಡ ಎಂದರೆ ಅದೇ ಉತ್ತರ.

ಟ್ಯಾಂಕ್ ದೊಡ್ಡದಿದ್ದರೆ ಗಾಳಿ ಹೆಚ್ಚು ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಮೇಲಿನ ಅದೇ ಟ್ಯಾಂಕ್ 8 ಬಾರ್‌ನಿಂದ 6ಕ್ಕೆ ಇಳಿಯುವಾಗ ಕೊಡುವುದು 100 ಲೀಟರ್ ಗಾಳಿ. ಪೇಂಟ್ ಉಜ್ಜುವ ಏರ್ ಸ್ಯಾಂಡರ್ ನಿಮಿಷಕ್ಕೆ ಹತ್ತು ಸಿಎಫ್‌ಎಂ ಬೇಡಿದರೆ, ಮೋಟರ್ ಓಡುತ್ತಿದ್ದರೂ ಅದು ಅರ್ಧ ನಿಮಿಷಕ್ಕೆ ಖಾಲಿ. ಟ್ಯಾಂಕ್ ಎಂದರೆ ಹುಂಡಿ, ಪಂಪ್ ಎಂದರೆ ಸಂಪಾದನೆ. ಸಂಪಾದನೆಗಿಂತ ಖರ್ಚು ಹೆಚ್ಚಿದ್ದರೆ ಹುಂಡಿ ಎಷ್ಟು ದೊಡ್ಡದಿದ್ದರೂ ಬರಿದಾಗಲೇಬೇಕು.

ಹಾಗಾದರೆ ಮನೆಗೆ ಎಷ್ಟು ಬೇಕು? ಮೊದಲು ಮಾಡುವ ಕೆಲಸವನ್ನು ಬರೆದುಕೊಳ್ಳಿ. ಚಕ್ರಕ್ಕೆ ಗಾಳಿ ತುಂಬುವುದಷ್ಟೇ ಆದರೆ 12 ವೋಲ್ಟಿನ ಸಣ್ಣ ಇನ್‌ಫ್ಲೇಟರ್ ಸಾಕು, ಕಂಪ್ರೆಸರೇ ಬೇಡ. ಚಕ್ರದ ನಟ್ ಬಿಚ್ಚಲು ಈಗ ಬ್ಯಾಟರಿಯ ಇಂಪ್ಯಾಕ್ಟ್ ರೆಂಚ್‌ಗಳು ಬಂದಿವೆ, ಪೈಪಿನ ಕಾಟವೇ ಇಲ್ಲ. ಬಿಗಿ ಮಾಡುವಾಗ ಮಾತ್ರ ಟಾರ್ಕ್ ರೆಂಚಿನಿಂದ, ಕಾರಿನ ಪುಸ್ತಕದಲ್ಲಿರುವ ಅಂಕಿಗೆ ಕೈಯಲ್ಲೇ ಬಿಗಿ ಮಾಡಿ. ಪೇಂಟ್ ಹೊಡೆಯಲು ಬೇಕು ಎನ್ನುವವರಿಗೆ ನನ್ನ ಸಲಹೆ ಒಂದೇ: ವಸತಿ ಕಟ್ಟಡದ ಕೆಳಗೆ ಕಾರಿಗೆ ಪೇಂಟ್ ಹೊಡೆಯಬಾರದು. ಹಾರ್ಡನರ್ ಬೆರೆಸುವ ಪೇಂಟ್‌ಗಳ ಹೊಗೆಮಂಜಿನಲ್ಲಿ ಐಸೊಸಯನೇಟ್ ಇರುತ್ತದೆ, ಅದು ಉಸಿರಾಟಕ್ಕೆ ದೊಡ್ಡ ಶತ್ರು. ಥಿನ್ನರಿನ ಆವಿಗೆ ಕಿಡಿಯೊಂದು ಸಾಕು. ಇದೆಲ್ಲ ಕಳೆದು ಉಳಿಯುವುದು ಏರ್ ಫಿಲ್ಟರ್ ಊದುವುದು, ಮೂಲೆಯ ಧೂಳು ತೆಗೆಯುವುದು, ಆಗೊಮ್ಮೆ ಈಗೊಮ್ಮೆ ಸಣ್ಣ ಏರ್ ಟೂಲ್ ಬಳಸುವುದು. ಅದಕ್ಕೆ ಒಂದರಿಂದ ಎರಡು ಎಚ್‌ಪಿ, 50 ಲೀಟರಿನ ಆಸುಪಾಸಿನ ಟ್ಯಾಂಕ್ ಧಾರಾಳ. ಎರಡು ಎಚ್‌ಪಿಯ ಸಿಂಗಲ್ ಫೇಸ್ ಮೋಟರ್ ಓಡುವಾಗ ಹತ್ತು ಆಂಪಿಯರಿನ ಆಸುಪಾಸು ಎಳೆಯುತ್ತದೆ, ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು. ಮೂರು ಎಚ್‌ಪಿ ಎಂದರೆ 16 ಆಂಪಿಯರ್ ಸಾಕೆಟ್ಟಿನ ಅಂಚಿಗೆ ಹೋದಂತೆ. ಉದ್ದನೆಯ ಎಕ್ಸ್‌ಟೆನ್ಷನ್ ವೈರಿನಲ್ಲಿ ಓಡಿಸಿದರೆ ವೋಲ್ಟೇಜ್ ಬಿದ್ದು ಮೋಟರ್ ಸುಡುತ್ತದೆ. ವೈರ್ ಗಿಡ್ಡ ಇರಲಿ, ಗಾಳಿಯ ಪೈಪ್ ಉದ್ದ ಇರಲಿ. ಕುಂದಾಪುರದ ಹುಡುಗನಿಗೂ ನಾನು ಹೇಳಿದ್ದು ಇದನ್ನೇ.

ಕರಾವಳಿಯ ನಗರದಲ್ಲಿ ಮತ್ತೊಂದು ಲೆಕ್ಕ ಇದೆ, ನೀರಿನದು. ಮಳೆಗಾಲದ ಮುಂಬೈ ಗಾಳಿಯಲ್ಲಿ, 30 ಡಿಗ್ರಿ ಸೆಕೆಯಲ್ಲಿ 80 ಪ್ರತಿಶತ ತೇವಾಂಶ ಇದ್ದರೆ, ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರು ಇರುತ್ತದೆ. ಐದು ಸಿಎಫ್‌ಎಂ ಯಂತ್ರ ಒಂದು ಗಂಟೆ ಓಡಿದರೆ ನುಂಗುವುದು ಎಂಟೂವರೆ ಘನ ಮೀಟರ್ ಗಾಳಿ. ಒತ್ತಿದ ಗಾಳಿ ತಣ್ಣಗಾದಾಗ ಅದರ ಬಹುಪಾಲು ನೀರು, ಒಂದು ಲೋಟದಷ್ಟು, ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ. ತಳದ ಡ್ರೈನ್ ತಿರುಪು ಬಿಚ್ಚಿ ಅದನ್ನು ಕೆಲಸ ಮುಗಿದ ದಿನವೇ ಬಿಡದಿದ್ದರೆ ತುಕ್ಕು ಒಳಗಿನಿಂದ ತಿನ್ನುತ್ತದೆ. ಹೊರಗಿನ ಬಣ್ಣ ಹೊಸದರಂತೆ ಹೊಳೆಯುತ್ತಲೇ ಇರುತ್ತದೆ.

ತುಕ್ಕು ತಿಂದ ಟ್ಯಾಂಕ್ ಎಂದರೆ ಏನು ಎಂಬುದಕ್ಕೂ ಅಂಕಿ ಇದೆ. 8 ಬಾರ್ ತುಂಬಿದ 50 ಲೀಟರ್ ಟ್ಯಾಂಕಿನೊಳಗೆ ಅಡಗಿರುವ ಶಕ್ತಿ ಸುಮಾರು 50 ಕಿಲೋಜೌಲ್. ಒಂದು ಟನ್ನಿನ ಕಾರನ್ನು ಐದು ಮೀಟರ್ ಎತ್ತರದಿಂದ ಬೀಳಿಸಿದಷ್ಟು. ಅದಕ್ಕೇ ಕುರ್ಲಾದ ಗುಜರಿಯಲ್ಲಿ ಅರ್ಧ ಬೆಲೆಗೆ ಸಿಗುವ ಹಳೆಯ ಟ್ಯಾಂಕ್ ಬೇಡ ಎನ್ನುತ್ತೇನೆ. ಹಳೆಯ ಮೋಟರ್ ಕೊಳ್ಳಬಹುದು, ಹಳೆಯ ಪಂಪ್ ಕೊಳ್ಳಬಹುದು, ಒಳಗೇನಾಗಿದೆ ಎಂದು ಕಾಣದ ಟ್ಯಾಂಕನ್ನು ಕೊಳ್ಳಬಾರದು. ಹೊಸದರ ಮೇಲೂ ಕೆಲಸದ ಒತ್ತಡ, ಪರೀಕ್ಷೆಯ ಒತ್ತಡ ಬರೆದ ಫಲಕ ಇರಬೇಕು. ಸೇಫ್ಟಿ ವಾಲ್ವಿನ ಉಂಗುರ ಎಳೆದರೆ ಗಾಳಿ ಬುಸ್ಸೆಂದು ಹೊರಬರಬೇಕು. ಪ್ಲಂಬರ್ ಹೇಳಿದನೆಂದು ಪಿವಿಸಿ ಪೈಪಿನಲ್ಲಿ ಗಾಳಿಯ ಲೈನ್ ಎಳೆಸಬೇಡಿ. ನೀರಿನ ಪೈಪ್ ಒಡೆದರೆ ಸೋರುತ್ತದೆ, ಗಾಳಿಯ ಪಿವಿಸಿ ಒಡೆದರೆ ಚೂರುಗಳು ಸಿಡಿಯುತ್ತವೆ.

ಗಾಳಿಯ ಪೈಪನ್ನು ಮೈಗೆ ಹಿಡಿಯುವ ಆಟವಂತೂ ಬೇಡವೇ ಬೇಡ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ವಾಹನ ಸರ್ವಿಸ್ ಕೇಂದ್ರವೊಂದರಲ್ಲಿ ಗೆಳೆಯನ ಇಂಥದೇ ತಮಾಷೆಗೆ 24 ವರ್ಷದ ಯುವಕನೊಬ್ಬ ಪ್ರಾಣ ಕಳೆದುಕೊಂಡ. ಬಟ್ಟೆಯ ಧೂಳು ಕೊಡವಲೂ ಆ ಪೈಪ್ ಬಳಸಬಾರದು ಎಂದು ಮನೆಯ ಮಕ್ಕಳಿಗೆ ಮೊದಲ ದಿನವೇ ಹೇಳಿ.

ಜಾಗ ಯಾರದು?

ಇಷ್ಟೆಲ್ಲ ಕೊಂಡ ಮೇಲೆ ಕಾದಿರುವುದು ಸೊಸೈಟಿಯ ಕಮಿಟಿ. ಇಲ್ಲಿ ಕಾನೂನು ಮುಂಬೈನಿಂದಲೇ ಬಂದಿದೆ. ದಹಿಸರ್ ಪೂರ್ವದ ಪಾಂಚಾಲಿ ಸೊಸೈಟಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಆಗಸ್ಟ್ 31ರಂದು ಹೇಳಿತು: ಕಟ್ಟಡದ ಕಂಬದಡಿಯ ಪಾರ್ಕಿಂಗ್ ಜಾಗ ‘ಗ್ಯಾರೇಜ್’ ಅಲ್ಲ, ಬಿಲ್ಡರ್ ಅದನ್ನು ಪ್ರತ್ಯೇಕವಾಗಿ ಮಾರುವಂತಿಲ್ಲ, ಅದು ಸಾಮಾನ್ಯ ಸ್ಥಳ. 2016ರ ರೇರಾ ಕಾಯ್ದೆಯೂ ಗ್ಯಾರೇಜ್ ಎಂದರೆ ಚಾವಣಿ ಮತ್ತು ಮೂರು ಕಡೆ ಗೋಡೆ ಇರುವ ಜಾಗ ಎಂದೇ ಹೇಳುತ್ತದೆ. ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಲ್ಲೂ ಪಾರ್ಕಿಂಗ್ ಪ್ರದೇಶ ಸಾಮಾನ್ಯ ಪ್ರದೇಶಗಳ ಪಟ್ಟಿಯಲ್ಲಿದೆ. ಹೀಗಾಗಿ ವಿಲೆ ಪಾರ್ಲೆಯಲ್ಲಿರಲಿ, ಮಲ್ಲೇಶ್ವರದಲ್ಲಿರಲಿ, ಬಿಳಿ ಗೆರೆಯೊಳಗೆ ನಾವು ಕಾರು ನಿಲ್ಲಿಸಬಹುದೇ ಹೊರತು ಆ ನೆಲದ ಒಡೆಯರು ನಾವಲ್ಲ. ಬೋಲ್ಟ್ ಹೊಡೆಯುವುದು, ಸಾಮಾನ್ಯ ಮೀಟರಿನಿಂದ ಕರೆಂಟ್ ಎಳೆಯುವುದು ಎರಡೂ ತಪ್ಪು. ನಮ್ಮ ಫ್ಲಾಟಿನ ಮೀಟರಿನಿಂದ ಒಪ್ಪಿಗೆ ಪಡೆದು ಪ್ರತ್ಯೇಕ ಲೈನ್ ಹಾಕಿಸಿಕೊಳ್ಳಬೇಕು.

ಸದ್ದಿಗೂ ಮಿತಿ ಇದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬೆಲ್. ಎಣ್ಣೆಯಿಲ್ಲದ, ಮೋಟರಿಗೇ ನೇರ ಜೋಡಿಸಿದ ಅಗ್ಗದ ಕಂಪ್ರೆಸರ್ ಪಕ್ಕದಲ್ಲಿ ನಿಂತರೆ 80 ದಾಟುತ್ತದೆ. ಬೆಲ್ಟಿನಲ್ಲಿ ನಿಧಾನ ತಿರುಗುವ ಪಂಪ್ ಬೆಲೆಯಲ್ಲಿ ಹೆಚ್ಚು, ಸದ್ದಿನಲ್ಲಿ ಕಡಿಮೆ. ಕಂಬದಡಿಯಲ್ಲಿ ಸದ್ದು ಗುಂಯ್‌ಗುಡುತ್ತದೆ. ಮೊದಲ ಮಹಡಿಯಲ್ಲಿ ಮಧ್ಯಾಹ್ನ ಮಲಗಿದ ಅಜ್ಜಿಗೆ ನಿಮ್ಮ ಹವ್ಯಾಸದ ಬೆಲೆ ಕಟ್ಟುವ ಹೊಣೆ ಇಲ್ಲ. ಮತ್ತೊಂದು ಮುಂಬೈ ಪಾಠ: 2005ರ ಜುಲೈ 26ರಂದು ನಮ್ಮ ಪಕ್ಕದ ಸಾಂತಾಕ್ರೂಜ್ ವೀಕ್ಷಣಾಲಯದಲ್ಲಿ ಒಂದೇ ದಿನ ದಾಖಲಾದ ಮಳೆ 944 ಮಿಲಿಮೀಟರ್. ಮೋಟರ್, ಸಾಕೆಟ್ ಯಾವುದನ್ನೂ ನೆಲಮಟ್ಟದಲ್ಲಿ ಬಿಡಬೇಡಿ.

ಇನ್ನೊಂದು ಪಕ್ಷದ ಮಾತನ್ನೂ ಹೇಳಬೇಕು. ಇಷ್ಟೆಲ್ಲ ತೊಂದರೆ ಇದೆ, ಆದ್ದರಿಂದ ಪೂರ್ತಿ ನಿಷೇಧ ಎಂದು ನೋಟಿಸ್ ಹಚ್ಚುವ ಕಮಿಟಿಗಳಿವೆ. ನಾನು ಒಪ್ಪುವುದಿಲ್ಲ. ನಿಷೇಧಿಸಿದ ಮಾತ್ರಕ್ಕೆ ಹುಡುಗರು ಕಾರು ಬಿಚ್ಚುವುದನ್ನು ನಿಲ್ಲಿಸುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಹೊರಗಿನ ಗಲ್ಲಿಯಲ್ಲಿ, ಮೊಬೈಲ್ ಬೆಳಕಿನಲ್ಲಿ, ಕಾರಿನ ಸ್ಕ್ರೂ ಜಾಕಿನ ಮೇಲೆ ಅದೇ ಕೆಲಸ ಮಾಡುತ್ತಾರೆ. ನಮ್ಮ ರಸ್ತೆಯಲ್ಲೇ ಅಂಥದ್ದೊಂದು ನಡೆಯಿತು. ಜಾಕ್ ವಾಲಿ ಕಾರು ಕುಳಿತಾಗ ಹುಡುಗನ ತೋಳಷ್ಟೇ ಕೆಳಗಿತ್ತು, ಎರಡು ಕಡೆ ಮುರಿಯಿತು. ಅರ್ಧ ನಿಮಿಷ ಮೊದಲಾಗಿದ್ದರೆ ಅಲ್ಲಿದ್ದದ್ದು ತಲೆ. ಅವನ ಸೊಸೈಟಿಯಲ್ಲಿ ನಿಷೇಧದ ನೋಟಿಸ್ ಆಗಲೇ ಇತ್ತು.

ಕೈಗೆ ಗ್ರೀಸ್ ಹತ್ತಿಸಿಕೊಳ್ಳುವುದು ನಮ್ಮ ಕಡೆಯವರಿಗೆ ಹೊಸದೂ ಅಲ್ಲ, ಕೀಳೂ ಅಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಇದೇ ಮುಂಬೈನ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಪಾಠ ಹೇಳುತ್ತಿದ್ದವರು, ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರು ಮಾಡಿದವರು. ಅವರ ಹೆಸರಿನ ಉದ್ಯಮ ಬಳಗ ಮುಂದೆ ಕಂಪ್ರೆಸರ್‌ಗಳನ್ನೇ ತಯಾರಿಸಿತು. ಒಂದು ಪಾನಾ ಹಿಡಿಯಲು ಬಿಡದ ಕಟ್ಟಡದಲ್ಲಿ ಬೆಳೆದ ಮಕ್ಕಳು ಯಂತ್ರವನ್ನು ಕಲಿಯುವುದೆಲ್ಲಿ?

ಆದ್ದರಿಂದ ಕಮಿಟಿಗಳಿಗೆ ನನ್ನ ಬೇಡಿಕೆ ಇದು: ಬೇಡ ಎನ್ನುವ ಬದಲು ಒಂದು ಪುಟದ ನಿಯಮ ಮಾಡಿ. ಗಟ್ಟಿ ನೆಲದ ಒಂದು ಮೂಲೆಯನ್ನು ಗುರುತಿಸಿ. ಭಾನುವಾರ ಹತ್ತರಿಂದ ಒಂದರವರೆಗೆ ಎಂದು ಸಮಯ ಕೊಡಿ. ಸ್ಟ್ಯಾಂಡ್ ಮತ್ತು ತಡೆ ಇಲ್ಲದೆ ಕಾರಿನ ಕೆಳಗೆ ಯಾರೂ ಹೋಗಬಾರದು, ಹೋಗುವಾಗ ಪಕ್ಕದಲ್ಲಿ ಇನ್ನೊಬ್ಬರು ಇರಬೇಕು, ನೆಲ ಮತ್ತು ತೊಲೆ ಕೊರೆಯಬಾರದು, ಪೇಂಟ್ ಹೊಡೆಯಬಾರದು, ಹಳೆಯ ಎಣ್ಣೆಯನ್ನು ಗಟಾರಕ್ಕೆ ಸುರಿಯಬಾರದು ಎಂದು ಬರೆಯಿರಿ. ಆಗಬಹುದಾದರೆ ಎರಡು ಜೋಡಿ ಒಳ್ಳೆಯ ಸ್ಟ್ಯಾಂಡನ್ನು ಸೊಸೈಟಿಯ ದುಡ್ಡಿನಲ್ಲೇ ಕೊಂಡು ವಾಚ್‌ಮನ್ ಕೋಣೆಯಲ್ಲಿ ಇಡಿ. ಒಂದು ಗಣೇಶೋತ್ಸವದ ಪೆಂಡಾಲಿನ ಖರ್ಚಿನಲ್ಲಿ ಅದು ಕಾಣುವುದೂ ಇಲ್ಲ.

ಕಾರ್ಖಾನೆಯಲ್ಲಿ ಭಾರ ಎತ್ತುವ ಯಂತ್ರವನ್ನು ವರ್ಷಕ್ಕೆ ಒಮ್ಮೆಯಾದರೂ ಅರ್ಹ ವ್ಯಕ್ತಿಯಿಂದ ಪರೀಕ್ಷೆ ಮಾಡಿಸಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯಲ್ಲೇ ಬರೆದಿದ್ದರು. ಒತ್ತಡದ ಟ್ಯಾಂಕಿಗೂ ನಿಯಮ ಇತ್ತು. ಎಷ್ಟೋ ಕಾರ್ಮಿಕರ ಸಾವಿನ ಮೇಲೆ ಕಟ್ಟಿದ ನಿಯಮಗಳವು. ಮನೆಯ ಗ್ಯಾರೇಜಿಗೆ ಇನ್ಸ್‌ಪೆಕ್ಟರ್ ಬರುವುದಿಲ್ಲ. ಅಲ್ಲಿ ಕಾರ್ಮಿಕನೂ ನೀವೇ, ಮಾಲೀಕನೂ ನೀವೇ, ಇನ್ಸ್‌ಪೆಕ್ಟರೂ ನೀವೇ ಆಗಬೇಕು. ವರ್ಷಕ್ಕೊಂದು ದಿನ, ಆಯುಧಪೂಜೆಯ ದಿನವೇ ಆಗಲಿ, ಜಾಕಿಗೆ ಕುಂಕುಮ ಹಚ್ಚುವ ಮೊದಲು ಅದರ ಎಣ್ಣೆ ಸೋರುತ್ತಿದೆಯೇ, ಸ್ಟ್ಯಾಂಡಿನ ಬೆಸುಗೆ ಬಿಟ್ಟಿದೆಯೇ, ಟ್ಯಾಂಕಿನ ವಾಲ್ವ್ ಕೆಲಸ ಮಾಡುತ್ತಿದೆಯೇ ಎಂದು ನೋಡಿ. ಆಮೇಲೆ ಕುಂಬಳಕಾಯಿ ಒಡೆಯಿರಿ.